ಯಾರ ನೂರಕ್ಕೆ ಒಂದು?

ತುಲಾಗೆ ಕರುಣೆ ಇರಲಿಲ್ಲ, ಸಿಟ್ಟೂ ಇರಲಿಲ್ಲ, ಮುಲಾಜಂತೂ ಮೊದಲೇ ಇರಲಿಲ್ಲ. ಅದಕ್ಕೇ ಜನ ಅದನ್ನು ನಂಬಿದ್ದರು. ಕಪಾಟಿನಷ್ಟು ಎತ್ತರದ ಬಿಳಿ ಯಂತ್ರ ಅದು. ಎಡಗಡೆಯ ಬಾಯಿಗೆ ಮಗುವಿನ ಮೂರು ಹನಿ ರಕ್ತ ಹಾಕಿದರೆ ಹನ್ನೊಂದು ನಿಮಿಷಕ್ಕೆ ಬಲಗಡೆಯ ಪರದೆಯ ಮೇಲೆ ಒಂದು ಸಂಖ್ಯೆ ಮೂಡುತ್ತಿತ್ತು. ಸಂಖ್ಯೆ ಒಂದನ್ನು ದಾಟಿದರೆ ಆ ಕ್ಷಣವೇ ಮಗುವಿನ ಹೆಸರಿಗೆ ಹಾಸಿಗೆ, ಚಿಕಿತ್ಸೆ. ದಾಟದಿದ್ದರೆ ಒಂದು ಪತ್ರ ಹೊರಬರುತ್ತಿತ್ತು. ಅದನ್ನು ಹಿಡಿದುಕೊಂಡು ಮನೆಗೆ ಹೋಗುವುದು, ಅಷ್ಟೇ. ತುಲಾ ಕೊಟ್ಟ ಸಂಖ್ಯೆಯನ್ನು ತಿದ್ದುವ ಅಧಿಕಾರ ನಿರ್ದೇಶಕರಿಗೂ ಇಲ್ಲ, ಮಂತ್ರಿಗಳಿಗೂ ಇಲ್ಲ ಎಂದು ಕಾನೂನೇ ಇತ್ತು. ಶಾಸಕರ ಚೀಟಿ ತಂದು ಮೀಸೆ ತಿರುವಿದವರೂ ತೆಪ್ಪಗೆ ವಾಪಸು ಹೋಗಿದ್ದರು.

ಧಾರವಾಡದ ಹೊರಗಿನ ಆ ಸಂಶೋಧನಾ ಸಂಸ್ಥೆಯಲ್ಲಿ ತುಲಾವನ್ನು ಕಟ್ಟಿ ನಿಲ್ಲಿಸಿದಾಕೆ ಡಾ. ಇಂದುಮತಿ ಕುಬಸದ. ವಯಸ್ಸು ಐವತ್ತೊಂದು, ಗಿಡ್ಡ ಆಳು, ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಕೇಳುವ ದನಿ. ಒಂಬತ್ತು ವರ್ಷದಲ್ಲಿ ತುಲಾ ಒಪ್ಪಿ ಒಳಗೆ ಕಳಿಸಿದ ಒಂದೇ ಒಂದು ಮಗುವೂ ಕೈತಪ್ಪಿರಲಿಲ್ಲ. ಆ ಹೆಮ್ಮೆ ಆಕೆಗೆ ಸಾಕಷ್ಟಿತ್ತು, ಸುಳ್ಳು ಯಾಕೆ ಹೇಳಬೇಕು.

ಆ ಮಂಗಳವಾರ ಪರದೆಯ ಮೇಲೆ ೦.೭ ಬಂತು. ಮಗುವಿನ ಹೆಸರು ಸಾವಂತ್ರಿ, ನಾಲ್ಕು ವರ್ಷ, ಊರು ಬ್ಯಾಡಗಿ. ತಾಯಿ ಫಕೀರವ್ವ ತಳವಾರ ಎದುರಿನ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಸಂತೆಯಲ್ಲಿ ಒಣಮೆಣಸಿನಕಾಯಿ ಮಾರುವವಳು. ಸೀರೆಯ ಸೆರಗಿನಿಂದ ಹಿಡಿದು ಕೈಚೀಲದವರೆಗೆ ಎಲ್ಲಕ್ಕೂ ಮೆಣಸಿನ ಘಾಟು. ತೊಡೆಯ ಮೇಲಿದ್ದ ಹುಡುಗಿ ಕತ್ತು ನಿಲ್ಲಿಸಲಾಗದೆ ಅವ್ವನ ಎದೆಗೆ ಒರಗಿತ್ತು. ಒಂದು ವರ್ಷದ ಹಿಂದೆ ಇದೇ ಹುಡುಗಿ ತಕ್ಕಡಿಯ ಪಕ್ಕ ನಿಂತು "ತಗೋರ್ರೀ ತಗೋರ್ರೀ" ಎಂದು ಇಡೀ ಸಂತೆಗೆ ಕೂಗು ಹಾಕುತ್ತಿತ್ತಂತೆ. ಈಗ ಅದರ ಬಾಯಲ್ಲಿ ಉಳಿದದ್ದು ಐದು ಮಾತು: ಅವ್ವ, ಅಪ್ಪ, ನೀರು, ಬಾ, ಬ್ಯಾಡ. ಐದರಲ್ಲಿ ಹೆಚ್ಚು ಬಳಕೆಯದು "ಬ್ಯಾಡ". ಸೂಜಿಗೂ ಬ್ಯಾಡ, ಬಿಸ್ಕೀಟಿಗೂ ಬ್ಯಾಡ.

ಇಂದುಮತಿ ಎಲ್ಲ ತಾಯಂದಿರಿಗೆ ಹೇಳುವಂತೆ ಇವಳಿಗೂ ಬಿಡಿಸಿ ಹೇಳಿದರು. ದೇಹದ ಪ್ರತಿ ಜೀವಕೋಶದಲ್ಲಿ ಲೈಸೋಸೋಮ್ ಎಂಬ ಪುಟ್ಟ ಚೀಲಗಳಿರುತ್ತವೆ. ಕೋಶದೊಳಗಿನ ಹಳೆಯದು, ಮುರಿದದ್ದು, ಬೇಡವಾದದ್ದು ಎಲ್ಲ ಅಲ್ಲಿಗೆ ಬರುತ್ತದೆ. ಚೀಲದಲ್ಲಿರುವ ಕಿಣ್ವಗಳು ಅದನ್ನು ಅರೆದು ಕರಗಿಸುತ್ತವೆ. ಅಪ್ಪನಿಂದಲೂ ಅವ್ವನಿಂದಲೂ ಕೆಟ್ಟ ಜೀನೇ ಬಂದರೆ ಒಂದು ಕಿಣ್ವ ತಯಾರಾಗುವುದಿಲ್ಲ, ಒಂದು ಬಗೆಯ ಕೊಬ್ಬು ಕರಗದೆ ಅಲ್ಲೇ ಕೂಡುತ್ತ ಹೋಗುತ್ತದೆ. ಮಿದುಳಿನ ಕೋಶಗಳು ಆ ಭಾರಕ್ಕೆ ಒಂದೊಂದಾಗಿ ಸಾಯುತ್ತವೆ. ನಡೆಯುತ್ತಿದ್ದ ಮಗು ಎಡವುತ್ತದೆ, ಮಾತಾಡುತ್ತಿದ್ದ ಮಗು ಮಾತು ಮರೆಯುತ್ತದೆ, ಕೊನೆಗೆ ನುಂಗುವುದನ್ನೂ ಮರೆಯುತ್ತದೆ.

ಇದಕ್ಕೆ ಚಿಕಿತ್ಸೆ ಇತ್ತು. ಸೇತುಕೋಶ ಎನ್ನುತ್ತಿದ್ದರು. ಮಗುವಿನ ಮೂಳೆಯೊಳಗಿನ ಕೋಶಗಳನ್ನು ತೆಗೆದು, ಇಲ್ಲದ ಜೀನನ್ನು ಸೇರಿಸಿ ಮತ್ತೆ ಮೈಗೆ ಬಿಡುವುದು. ಅವು ರಕ್ತದ ಜೊತೆ ಹೋಗಿ ಮಿದುಳು ಸೇರಿ, ಅಲ್ಲೇ ಬೀಡು ಬಿಟ್ಟು, ಕಿಣ್ವ ತಯಾರಿಸಿ ಅಕ್ಕಪಕ್ಕದ ಕೋಶಗಳಿಗೂ ಹಂಚುತ್ತವೆ, ನೆರೆಮನೆಗೆ ಹೆಪ್ಪು ಕೊಟ್ಟ ಹಾಗೆ. ಆದರೆ ಮಗುವಿನ ರಕ್ತದಲ್ಲಿ ಆ ಕಿಣ್ವ ಮೊದಲೇ ಒಂದಿಷ್ಟಾದರೂ ಇರಬೇಕು. ಆರೋಗ್ಯವಂತರಲ್ಲಿ ಇರುವುದರ ನೂರಕ್ಕೆ ಒಂದು ಪಾಲಾದರೂ ಸರಿ. ಅದೂ ಇಲ್ಲದಿದ್ದರೆ ದೇಹ ಹೊಸ ಕಿಣ್ವವನ್ನು ಶತ್ರುವೆಂದು ತಿಳಿದು ಮೇಲೆ ಬೀಳುತ್ತದೆ. ಹೊರದೇಶದ ಪ್ರಯೋಗಗಳಲ್ಲಿ ಹಾಗೆ ನಾಲ್ಕು ಮಕ್ಕಳು ವಾರದೊಳಗೆ ತೀರಿಕೊಂಡಿದ್ದವು. ನೂರಕ್ಕೆ ಒಂದು ಎಂಬ ಗೆರೆಯನ್ನು ಅಲ್ಲಿಯ ಮೂರು ಪ್ರಯೋಗಾಲಯಗಳು ಅಳೆದು ನೋಡಿ ಎಳೆದದ್ದು. ಅದನ್ನು ಇಂದುಮತಿಯೂ ಕಣ್ಣಿಗೊತ್ತಿಕೊಂಡು ನಂಬಿದ್ದರು.

ಫಕೀರವ್ವ ಎಲ್ಲವನ್ನೂ ಕೇಳಿದಳು. ಪತ್ರವನ್ನು ಮುಟ್ಟಲಿಲ್ಲ.

"ನೂರಕ್ಕ ಒಂದು ಅಂದ್ರಲ್ರಿ ಡಾಕ್ಟರಮ್ಮಾರ. ಯಾರ ನೂರಕ್ಕ?"

"ಆರೋಗ್ಯ ಇರೋ ಮನುಷ್ಯಾರ ನೂರಕ್ಕವಾ."

"ಯಾವ ಮನುಷ್ಯಾರು? ಅವರನ್ನ ಯಾರು ಆರಿಸಿದ್ರು?"

"ಅದಕ್ಕ ಸ್ಟ್ಯಾಂಡರ್ಡ್ ಅಂತಾರ. ಮಷೀನಿನ ಒಳಗs ಇರತೈತಿ."

ಫಕೀರವ್ವ ಕೈಚೀಲಕ್ಕೆ ಕೈಹಾಕಿ ಅರ್ಧ ಕಿಲೋದ ತೂಕದ ಕಲ್ಲು ತೆಗೆದು ಟೇಬಲ್ಲಿನ ಮೇಲೆ ಠಣ್ ಎಂದು ಇಟ್ಟಳು. ಸಂತೆಯಿಂದ ನೇರವಾಗಿ ಬಂದಿದ್ದಳು. ತಕ್ಕಡಿಯನ್ನು ಯಾರ ಹತ್ತಿರವೋ ಬಿಟ್ಟಿದ್ದಳು, ಕಲ್ಲುಗಳನ್ನು ಬಿಡುವಷ್ಟು ದಡ್ಡಿಯಾಗಿರಲಿಲ್ಲ.

"ಇದರ ತಳಾ ನೋಡ್ರಿ. ವರ್ಷಕ್ಕ ಒಂದ್ಸಲ ಸಾಹೇಬ್ರು ಬಂದು ತೂಗಿ ನೋಡಿ ಸೀಲ್ ಹೊಡಿತಾರ. ಕಲ್ಲು ಸವದಿದ್ರ ನನ್ನ ತಕ್ಕಡಿ ಕಸಗೊಂಡು ಹೋಗ್ತಾರ. ಮೆಣಸಿನಕಾಯಿ ತೂಗೋ ಕಲ್ಲಿಗೇ ಇಷ್ಟು ಐತಿ. ನನ್ನ ಕೂಸಿನ್ನ ತೂಗಿದ ಕಲ್ಲಿಗೆ ಕಡೀ ಸಲ ಸೀಲ್ ಯಾವಾಗ ಹೊಡಿಸಿದ್ರಿ?"

"ಫಕೀರವ್ವಾ, ಹಂಗಲ್ಲ ಅದು..."

"ಮೊದಲನೇ ದವಾಖಾನಿಯಾಗ ಕೇಳಿದ್ರು, ಸೋದರಮಾವನ್ನ ಮದುವಿ ಆಗೀಯೇನು ಅಂತ. ಹೌದ್ರಿ, ಮಾವನ್ನ ಮಾಡಿಕೊಂಡೀನಿ, ಕಳ್ಳನ್ನ ಮಾಡಿಕೊಂಡಿಲ್ಲ, ಬರಕೊಳ್ರಿ ಅಂದೆ. ತಪ್ಪು ನಂದs ಅಂತ ಅಂದ್ರು, ಕೇಳಿದೆ. ಈಗ ಈ ಕಾಗದ ತಗೊಂಡು ಊರಿಗೆ ಹೋದ್ರ ಏನಂತಾರ ಗೊತ್ತೈತೇನ್ರಿ? ಲಕ್ಷ್ಮೇಶ್ವರದ ಕಡೆ ಒಬ್ಬಾಕಿಗೆ ಹಿಂಗs ಕಾಗದ ಬಂದಿತ್ತು. ಆಕಿನ್ನ ಇವತ್ತಿಗೂ 'ಖಾಲಿ ರಕ್ತದಾಕಿ' ಅಂತಾರ. ಮಷೀನ ಹೇಳೇತಿ, ಇಕೀ ಮೈಯಾಗ ಏನೂ ಇಲ್ಲ, ಅದಕ್ಕs ಕೂಸಿನ ಮೈಯಾಗೂ ಏನೂ ಇರಲಿಲ್ಲ ಅಂತ. ನಾ ಹೋಗಂಗಿಲ್ಲ. ನಿಮ್ಮ ಕಲ್ಲು ಸರಿ ಐತಿ ಅಂತ ನೀವು ತೋರಿಸೋ ತನಕ ಈ ಕೂಸು ಇಲ್ಲೇ, ನಾನೂ ಇಲ್ಲೇ."

"ಬ್ಯಾಡ," ಎಂದಿತು ಸಾವಂತ್ರಿ, ಯಾವುದಕ್ಕೋ.

ಹಾಗೆ ಹೇಳಿ ಎದ್ದುಹೋದ ಫಕೀರವ್ವ ಮನೆಗೇನೂ ಹೋಗಲಿಲ್ಲ. ರೋಗಿಗಳ ಕಡೆಯವರು ಅಡುಗೆ ಮಾಡಿಕೊಳ್ಳಲು ಸಂಸ್ಥೆಯ ಹಿಂದೆ ಒಂದು ಶೆಡ್ಡಿತ್ತು. ಅಲ್ಲಿ ಒಲೆಯ ಪಕ್ಕ ಚಾಪೆ ಹಾಸಿದಳು. ತೂಕದ ಕಲ್ಲು ಇಂದುಮತಿಯ ಟೇಬಲ್ಲಿನ ಮೇಲೇ ಉಳಿಯಿತು.

*

ಸಂಜೆ ಮನೆಯಲ್ಲಿ ಇಂದುಮತಿಯ ಗಂಡ ಮುರಿಗೇಶ ಮಂಡಕ್ಕಿ ಒಗ್ಗರಣೆ ಹಾಕುತ್ತಿದ್ದ. ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರು; ಕೊರಳಲ್ಲಿ ಸೀಟಿ ನೇತಾಡುತ್ತಲೇ ಇರುತ್ತಿತ್ತು, ಅಡುಗೆಮನೆಯಲ್ಲೂ. ಇಂದುಮತಿ ಬಾಗಿಲಲ್ಲಿ ನಿಂತು ಫಕೀರವ್ವನ ಕಥೆಯನ್ನೆಲ್ಲ ಹೇಳಿದರು. ನಗಬಹುದು ಎಂದುಕೊಂಡಿದ್ದರು. ಅವನು ನಗಲಿಲ್ಲ.

"ನಿನ್ನ ಮಷೀನಿನ ಸ್ಟ್ಯಾಂಡರ್ಡ್ ಅಂದ್ರ ಅದs ಅಲ್ಲೇನು, ಆಯುಧಪೂಜಾದ್ದು?"

"ಯಾವ ಆಯುಧಪೂಜಾದ್ದು?"

"ಅಯ್ಯ, ಮರತಿಯಾ? ಎರಡೂ ಮೊಳಕೈ ನೀಲಿ ಮಾಡಿಕೊಂಡು ಬಂದಿದ್ದಿಯಲ್ಲ. ನಾನs ಉಪ್ಪಿನ ಶಾಖಾ ಕೊಟ್ಟೆ. ಸಂಡಿಗಿ ಕರಿಯಾಕೂ ಕೈ ಎತ್ತಾಕ ಆಗವಲ್ದು ಅಂತ ಅತ್ತಿದ್ದಿ."

ಮರೆತಿರಲಿಲ್ಲ ಆಕೆ. ಮರೆತಂತೆ ಇದ್ದುಬಿಟ್ಟಿದ್ದರು.

ಒಂಬತ್ತು ವರ್ಷದ ಹಿಂದಿನ ಆಯುಧಪೂಜೆ. ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಮುಹೂರ್ತ, ಮಂತ್ರಿಗಳು ಬಂದು ಗುಂಡಿ ಒತ್ತಬೇಕು, ತುಲಾ ಶುರುವಾಗಬೇಕು. ಶುರುವಾಗಬೇಕಾದರೆ ಅದಕ್ಕೆ "ನೂರು ಎಂದರೆ ಇಷ್ಟು" ಎಂದು ತೋರಿಸಿಕೊಡಲು ಆರೋಗ್ಯವಂತರ ರಕ್ತ ಬೇಕು. ಶುರುವಿಗೆ ಇಷ್ಟು ಸಾಕೆಂದು ಹನ್ನೆರಡು ಜನರನ್ನು ಗೊತ್ತು ಮಾಡಿದ್ದರು. ಆದರೆ ಬೆಳಿಗ್ಗೆಯೇ ಪ್ರಯೋಗಾಲಯದ ಸಾಮಾನನ್ನೆಲ್ಲ ಪೂಜೆಗೆ ಇಟ್ಟಾಗಿತ್ತು. ಸೂಕ್ಷ್ಮದರ್ಶಕಕ್ಕೆ ಹೂವು, ಸಿರಿಂಜಿನ ಡಬ್ಬಕ್ಕೆ ಕುಂಕುಮ. ಪೂಜೆಗಿಟ್ಟ ಸಲಕರಣೆಯನ್ನು ಆ ದಿನ ಯಾರಾದರೂ ಬಳಸುತ್ತಾರೆಯೇ? ಅದರಲ್ಲೂ ಮೈಗೆ ಚುಚ್ಚಿಸಿಕೊಳ್ಳುತ್ತಾರೆಯೇ? "ನಾಳೆ ಬರ್ತೀವ್ರಿ ಮೇಡಂ, ಇವತ್ತ ಒಂದಿನ ಬ್ಯಾಡ್ರಿ" ಎಂದು ಹನ್ನೆರಡೂ ಜನ ಪ್ರಸಾದ ತಿಂದು ಜಾಗ ಖಾಲಿ ಮಾಡಿದ್ದರು. ಇತ್ತ ಮಂತ್ರಿಗಳ ಕಾರು ಗೇಟಿಗೆ ಬಂದಿತ್ತು. ಇಂದುಮತಿ ಕುಂಕುಮ ಹತ್ತದ ಹೊಸ ಪೊಟ್ಟಣ ಒಡೆದು, ಬಾಗಿಲು ಹಾಕಿಕೊಂಡು, ಹನ್ನೆರಡು ನಳಿಕೆಗೂ ತಮ್ಮದೇ ರಕ್ತ ತುಂಬಿದರು. ಆರೋಗ್ಯವಂತಳ ರಕ್ತವೇ ತಾನೆ, ಮುಂದಿನ ವಾರ ಬದಲಿಸಿದರಾಯಿತು ಎಂದುಕೊಂಡರು. ಮುಂದಿನ ವಾರ ಮೊದಲ ಮಗು ಬಂತು. ಅದರ ಹಿಂದೆ ಇನ್ನೊಂದು. ಬದಲಿಸುವ ವಾರ ಬರಲೇ ಇಲ್ಲ.

"ನೀ ಒಬ್ಬಾಕಿ ನೂರಾದಿ," ಎಂದ ಮುರಿಗೇಶ, ಮಂಡಕ್ಕಿಗೆ ಪುಟಾಣಿ ಪುಡಿ ಉದುರಿಸುತ್ತ. "ನಮ್ಮ ಸಾಲ್ಯಾಗ ನಾ ಓಡಿದಷ್ಟು ಜೋರು ಓಡಿದ್ರ ಮಾತ್ರ ಪಾಸ್ ಅಂತ ಇಟ್ಟಿದ್ರ ಎಷ್ಟು ಹುಡುಗೂರು ಪಾಸ್ ಆಕ್ಕಿದ್ರು?"

ಇಂದುಮತಿ ತಟ್ಟೆ ಮುಟ್ಟಲಿಲ್ಲ. ಅವರ ತಲೆಯಲ್ಲಿ ಬೇರೊಂದು ಲೆಕ್ಕ ಕೊರೆಯತೊಡಗಿತ್ತು. ಒಂಬತ್ತು ವರ್ಷದಲ್ಲಿ ಒಂದು ಮಗುವೂ ಕೈತಪ್ಪಿಲ್ಲ ಎಂದು ಎದೆಯುಬ್ಬಿಸಿಕೊಂಡು ತಿರುಗಿದ್ದೆನಲ್ಲ, ಯಾಕೆ ತಪ್ಪಲಿಲ್ಲ? ಗೆರೆಯ ಅಂಚಿನಲ್ಲಿರುವ ಮಕ್ಕಳಲ್ಲಿ ಒಂದಿಬ್ಬರಾದರೂ ಕಷ್ಟಪಡಲೇಬೇಕಿತ್ತು, ಹೊರದೇಶದ ಎಲ್ಲ ಕಡೆಯೂ ಹಾಗೇ ಆಗಿತ್ತು. ನಮ್ಮಲ್ಲಿ ಯಾರೂ ಕಷ್ಟಪಡಲಿಲ್ಲ. ಯಾಕೆಂದರೆ ಅಂಚಿನವರನ್ನು ನಾವು ಒಳಗೇ ಬಿಟ್ಟುಕೊಂಡಿರಲಿಲ್ಲ.

*

ಮರುದಿನ ಬೆಳಿಗ್ಗೆ ಇಂದುಮತಿ ತುಲಾವನ್ನು ಮುಟ್ಟಲಿಲ್ಲ. ಹಳೆಯ ಪದ್ಧತಿಗೆ ಹೋದರು: ಗಾಜಿನ ನಳಿಕೆ, ಕಿಣ್ವ ತಾಗಿದರೆ ನೀಲಿಯಾಗಿ ಹೊಳೆಯುವ ದ್ರಾವಣ, ಹೊಳಪನ್ನು ಅಳೆಯುವ ಸಣ್ಣ ಮೀಟರು. ತಂತ್ರಜ್ಞೆ ತಸ್ಲೀಮಾ ಮುಲ್ಲಾ ಏನೂ ಕೇಳದೆ ತನ್ನ ತೋಳು ಚಾಚಿದಳು. ಆಮೇಲೆ ಗೇಟಿನ ಇಬ್ಬರು ಕಾವಲುಗಾರರು, ಕ್ಯಾಂಟೀನಿನ ಅಡುಗೆಯಾತ, ಹೂದೋಟದ ಮಾಲಿ. ಆರನೆಯದು ಇಂದುಮತಿಯದು.

ಐದು ನಳಿಕೆ ಹೆಚ್ಚೂಕಡಿಮೆ ಒಂದೇ ಹೊಳಪು. ಆರನೆಯದು ನೇರ ಎರಡು ಪಟ್ಟು.

ತಸ್ಲೀಮಾ ಮೀಟರನ್ನು ಒರೆಸಿ ಮತ್ತೆ ನೋಡಿದಳು. ಮೂರನೆಯ ಸಲವೂ ಅಷ್ಟೇ ಬಂತು. "ಮೇಡಂ, ನಿಮಗ ಏನರ ತ್ರಾಸು ಐತೇನ್ರಿ?"

"ಏನೂ ಇಲ್ಲ. ಕೆಲವು ಮಂದಿಗೆ ಈ ಕಿಣ್ವ ಹುಟ್ಟತನs ಹೆಚ್ಚಿರತೈತಿ. ನನ್ನ ದನಿ ದೊಡ್ಡದಲ್ಲೇನು, ಹಂಗ. ನನಗ ಇದರಿಂದ ಏನೂ ಆಗಂಗಿಲ್ಲ." ಇಂದುಮತಿ ಕುರ್ಚಿಯ ಮೇಲೆ ಕುಸಿದರು. "ಆಗಿದ್ದೆಲ್ಲಾ ಮಕ್ಕಳಿಗೆ ಆತು ತಸ್ಲೀಮಾ. ನನ್ನ ನೂರು ಅಂದ್ರ ಮಂದಿ ಇನ್ನೂರು. ಎಲ್ಲಾ ಮಕ್ಕಳದೂ ಅರ್ಧಕ್ಕ ಅರ್ಧ ಕಡಿಮಿ ತೋರಿಸೇತಿ ಒಂಬತ್ತು ವರ್ಷ."

"ಹಂಗಾರ ಸಾವಂತ್ರೀದು..."

"ಒಂದರ ಮ್ಯಾಲ ಇರಬೇಕು."

ಆಮೇಲೆ ಇಂದುಮತಿ ಕಡತ ತೆಗೆಸಿದರು. ಒಂಬತ್ತು ವರ್ಷದಲ್ಲಿ ಪತ್ರ ಹಿಡಿದು ವಾಪಸು ಹೋದ ಮಕ್ಕಳು ಹತ್ತೊಂಬತ್ತು. ಆ ಪಟ್ಟಿಯನ್ನು ಟೇಬಲ್ಲಿನ ಮೇಲಿಟ್ಟು, ಗಾಳಿಗೆ ಹಾರದಂತೆ ಫಕೀರವ್ವನ ಅರ್ಧ ಕಿಲೋ ಕಲ್ಲನ್ನು ಅದರ ಮೇಲಿಟ್ಟರು.

ನಿರ್ದೇಶಕ ಡಾ. ಪ್ರಹ್ಲಾದ ಗಲಗಲಿ ಕೆಟ್ಟ ಮನುಷ್ಯನೇನಲ್ಲ. ಪೂರ್ತಿ ಕೇಳಿಕೊಂಡರು, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು, ಇಂದುಮತಿಗೆ ತಾವೇ ನೀರು ಕೊಟ್ಟರು. ಆಮೇಲೆ ಹೇಳಿದರು: "ಸಮಿತಿ ಮುಂದ ಇಡೋಣ. ಆರು ತಿಂಗಳಿಗೆ ಹೊಸಾ ಸ್ಟ್ಯಾಂಡರ್ಡ್ ಬರತೈತಿ. ತಾಂತ್ರಿಕ ಪರಿಷ್ಕರಣೆ ಅಂತ ಹಾಕೋಣ."

"ಆರು ತಿಂಗಳಿಗೆ ಆ ಹುಡುಗಿ ನುಂಗೋದು ಮರೀತಾಳ್ರಿ."

"ಇಂದುಮತಿ, ಹತ್ತೊಂಬತ್ತು ಮನಿ. ಇದು ಹೊರಗ ಬಿದ್ರ ಇಡೀ ಸೇತುಕೋಶದ ಕೆಲಸಾನs ನಿಂದ್ರತೈತಿ. ಮುಂದ ಬರೋ ಮಕ್ಕಳ ಗತಿ ಏನು? ಸ್ವಲ್ಪ ದೊಡ್ಡದು ನೋಡು."

"ನಾ ದೊಡ್ಡದು ನೋಡಿ ನೋಡೀನs ಇದು ಕಾಣಲಿಲ್ರಿ ಸರ್."

ಗಲಗಲಿಯವರು ಮಧ್ಯಾಹ್ನವೇ ಆದೇಶ ಹೊರಡಿಸಿದರು: ಸಮಿತಿ ಕೂಡುವವರೆಗೆ ಸಂಸ್ಥೆಯ ಯಾವ ನೌಕರನೂ ತುಲಾ ಕೆಲಸಕ್ಕೆ ರಕ್ತ ಕೊಡಕೂಡದು. ಇಂದುಮತಿ ಅದನ್ನು ಎರಡು ಸಲ ಓದಿದರು. ನೌಕರನೂ ಎಂದಿತ್ತು. ಆಮೇಲೆ ತಾವೇ ಬರೆದ ತುಲಾ ನಿಯಮಪುಸ್ತಕ ತೆಗೆದರು. ಯಂತ್ರದ ಹೊಣೆ ಹೊತ್ತ ವಿಜ್ಞಾನಿ ಯಾವಾಗ ಬೇಕಾದರೂ ಹೊಸ ಸ್ಟ್ಯಾಂಡರ್ಡ್ ಹಾಕಬಹುದು. ಒಂದೇ ದಿನ, ಒಂದೇ ಮನೆತನದವರಲ್ಲದ, ಒಪ್ಪಿಗೆ ಬರೆದುಕೊಟ್ಟ ನೂರು ಜನ ಆರೋಗ್ಯವಂತರ ರಕ್ತ ಬೇಕು. ಇನ್ನೊಬ್ಬರಿಗೆ ನಿಯಮ ಬರೆಯುವಾಗ ನೂರು ಜನ! ತನ್ನ ಪಾಳಿ ಬಂದಾಗ ಒಬ್ಬಳೇ! ಆಕೆಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

ಶೆಡ್ಡಿನಲ್ಲಿ ಫಕೀರವ್ವ ಗಂಜಿಯನ್ನು ತೆಳ್ಳಗೆ ಮಾಡಿ ಸಾವಂತ್ರಿಗೆ ಚಮಚದಲ್ಲಿ ಹಾಕುತ್ತಿದ್ದಳು. ಪ್ರತಿ ಚಮಚಕ್ಕೂ ಗಂಟಲನ್ನು ಬೆರಳಿನಿಂದ ಮೆಲ್ಲಗೆ ನೀವಬೇಕಿತ್ತು, ಆಗ ಇಳಿಯುತ್ತಿತ್ತು. ಇಂದುಮತಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಯುಧಪೂಜೆ, ಹನ್ನೆರಡು ನಳಿಕೆ, ಎರಡು ಪಟ್ಟು. ಒಂದನ್ನೂ ಮುಚ್ಚಿಡಲಿಲ್ಲ.

ಫಕೀರವ್ವ ಚಮಚ ಕೆಳಗಿಟ್ಟಳು. ಮುಖ ಕೆಂಪಾಯಿತು. "ನಿಮ್ಮ ಮುಹೂರ್ತಕ್ಕ ಬೆಂಕಿ ಹಚ್ಚಲಿ," ಎಂದಳು. ಮತ್ತೇನೋ ಹೇಳಲು ಹೋದವಳು ಮಗಳ ಮುಖ ನೋಡಿ ತಡೆದುಕೊಂಡಳು. "ಬೈಯೋದು ಆಮ್ಯಾಲ ಬೈತೀನಿ, ಬಿಡಂಗಿಲ್ಲ ನಿಮ್ಮನ್ನ. ಈಗ ಏನಾಗಬೇಕು ಅದನ್ನ ಹೇಳ್ರಿ."

"ನೂರು ಮಂದಿ ಬೇಕು. ಗಟ್ಟಿ ಮಂದಿ, ಬ್ಯಾರೆ ಬ್ಯಾರೆ ಮನೆತನದವರು. ಇಲ್ಲಿಯವರು ಒಬ್ಬರೂ ಬರಂಗಿಲ್ಲ."

"ನೂರs?" ಎಂದಳು ಫಕೀರವ್ವ. ಎರಡು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗೆಯಂಥದ್ದು ಕಂಡಿತು. "ಅಯ್ಯ, ನನ್ನ ಗಂಡ ಎಲ್ಲಿ ಹಮಾಲಿ ಮಾಡ್ತಾನ ಅಂತ ತಿಳಿದೀರಿ? ಬ್ಯಾಡಗಿ ಮಾರ್ಕೆಟ್ನ್ಯಾಗ ಒಂದು ಕೂಗು ಹಾಕಿದ್ರ ಸಾವಿರ ಮಂದಿ ಎದ್ದು ನಿಂದರತೈತಿ. ಫೋನ್ ಕೊಡ್ರಿ ಇಲ್ಲೆ."

*

ಶುಕ್ರವಾರ ಮಾರುಕಟ್ಟೆಗೆ ಬಿಡುವು. ಬೆಳಿಗ್ಗೆ ಎಂಟು ಗಂಟೆಗೆ ಎರಡು ಲಾರಿ, ಒಂದು ಟೆಂಪೋ ಸಂಸ್ಥೆಯ ಗೇಟಿಗೆ ಬಂದು ನಿಂತವು. ಚೀಲ ಹೊರುವ ಹಮಾಲರು, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು, ತೂಕ ಮಾಡುವವರು, ಚಹಾ ಮಾರುವವರು ಎಲ್ಲ ಸೇರಿ ನೂರಾ ಇಪ್ಪತ್ತಮೂರು ಜನ ಇಳಿದರು. ಮುಂದೆ ಸಾವಂತ್ರಿಯ ಅಪ್ಪ ಯಮನೂರಪ್ಪ, ತಲೆಗೆ ಟವೆಲ್ ಸುತ್ತಿಕೊಂಡು. ಮಾತು ಕಡಿಮೆಯ ಮನುಷ್ಯ. ಇಂದುಮತಿಯ ಎದುರು ನಿಂತು "ತಗೋರಿ" ಎಂದು ತೋಳು ಚಾಚಿಯೇಬಿಟ್ಟ. ತಲಾ ಒಂದು ಕೆಟ್ಟ ಜೀನು ಹೊತ್ತ ಆತನಿಗೂ ಫಕೀರವ್ವನಿಗೂ ಅರ್ಧ ಕಿಣ್ವವೇ ಇರುವುದು, ಅವರದು ಬರುವುದಿಲ್ಲ ಎಂದು ಇಂದುಮತಿ ತಿಳಿಹೇಳಬೇಕಾಯಿತು. ಅವನ ಮುಖ ಸಣ್ಣದಾಯಿತು. "ಅರ್ಧ ಇದ್ರೂ ನಾ ಕ್ವಿಂಟಲ್ ಚೀಲ ಎತ್ತತೀನ್ರಿ," ಎಂದು ಗೊಣಗಿ ಸಾಲು ನಿಲ್ಲಿಸಲು ಹೋದ.

ಕಾರಿಡಾರಿನ ಬಿಳಿ ನೆಲದ ಮೇಲೆ ಕೆಂಪು ಧೂಳಿನ ಹೆಜ್ಜೆ. ಇಡೀ ಕಟ್ಟಡ ಸೀನತೊಡಗಿತು. ಸೇತುಕೋಶದ ವಾರ್ಡಿಗೆ ಘಾಟು ಹೋಗದಂತೆ ತಸ್ಲೀಮಾ ಬಾಗಿಲಿಗೆ ಒದ್ದೆ ಬಟ್ಟೆ ತುರುಕಿ, ಎಲ್ಲರನ್ನೂ ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಕೈಕಾಲು ತೊಳೆಸಿದಳು. ಒಬ್ಬೊಬ್ಬರಿಗೂ ಕಾಗದ ಓದಿ ಹೇಳಿ ಸಹಿ ಹಾಕಿಸಿಕೊಂಡಳು. ಕಾಮಾಲೆಯಿಂದ ಎದ್ದವರು, ಬಸುರಿಯರು, ಒಂದೇ ಮನೆಯ ಎರಡನೆಯವರು ಎಂದು ಇಪ್ಪತ್ತೆರಡು ಜನರನ್ನು ಬಿಡಬೇಕಾಯಿತು. ಬಿಡಿಸಿಕೊಂಡವರು ಜಗಳಕ್ಕೇ ನಿಂತರು. ಆರಡಿ ಎತ್ತರದ ಹಮಾಲನೊಬ್ಬ ಸೂಜಿ ನೋಡಿ ಕಣ್ಣು ಮುಚ್ಚಿಕೊಂಡು ತನ್ನ ಅವ್ವನನ್ನು ಕರೆದ. ತೊಟ್ಟು ಬಿಡಿಸುವ ಹೆಂಗಸರು ಅವನನ್ನು ಆಡಿಕೊಂಡು ಕೂತಷ್ಟು ಹೊತ್ತೂ ನಕ್ಕರು.

ಗಲಗಲಿಯವರು ಕರವಸ್ತ್ರದಿಂದ ಮೂಗು ಹಿಡಿದುಕೊಂಡು ಓಡಿ ಬಂದರು. "ಏನಿದು? ಇದೇನು ಮಾರ್ಕೆಟ್ ಅಂತ ತಿಳಿದೀರೇನು?"

ಯಾರೂ ಜಾಗ ಬಿಟ್ಟು ಕದಲಲಿಲ್ಲ. ಫಕೀರವ್ವ ಮಗಳನ್ನು ಸೊಂಟಕ್ಕೇರಿಸಿಕೊಂಡು ಮುಂದೆ ಬಂದಳು.

"ಮಾರ್ಕೆಟ್ ಆಗಿದ್ರ ಚಲೋ ಇತ್ರಿ ಸಾಹೇಬ್ರ. ವರ್ಷಕ್ಕ ಒಂದ್ಸಲ ಕಲ್ಲಿಗೆ ಸೀಲ್ ಹೊಡಿಸ್ತಿದ್ರಿ."

ಗಲಗಲಿಯವರು ಅವಳಿಂದ ಇಂದುಮತಿಯ ಕಡೆ ತಿರುಗಿದರು. "ನಾ ಆದೇಶ ಕೊಟ್ಟೀನಿ."

"ನೌಕರರು ಕೊಡಬಾರದು ಅಂದ್ರಿ. ಇವರು ಯಾರೂ ನೌಕರರಲ್ರಿ."

"ಇಂದುಮತಿ, ನಿನ್ನ ಕೆಲಸ ಹೋಗತೈತಿ."

"ಹೋಗಲಿ," ಎಂದರು ಇಂದುಮತಿ. ಆ ದನಿ ಕಾರಿಡಾರಿನ ಕೊನೆಗೂ ಕೇಳಿತು. "ಹೋಗೋಕ್ಕಿಂತ ಮೊದಲ ಇದೊಂದು ಮುಗಿಸಿ ಹೋಗ್ತೀನಿ."

ಮೂರು ಗಂಟೆಯ ಹೊತ್ತಿಗೆ ನೂರನೆಯ ನಳಿಕೆ ತುಲಾದ ಹೊಟ್ಟೆ ಸೇರಿತು. ನೂರು ಜನರ ಹೊಳಪನ್ನು ಅದು ಒಂದರ ಪಕ್ಕ ಒಂದಿಟ್ಟು ನಡುವಿನ ಅಳತೆ ತೆಗೆಯಿತು. ಪರದೆ ಕೇಳಿತು: ಹಳೆಯ ಸ್ಟ್ಯಾಂಡರ್ಡ್ ಅಳಿಸಲೇ? ಒಂಬತ್ತು ವರ್ಷ ಇಂದುಮತಿಯ ಒಬ್ಬಳದೇ ರಕ್ತ ಕೂತಿದ್ದ ಜಾಗ ಅದು. ಹೌದು ಎಂದು ಒತ್ತಿದರು. ಅದರ ಜಾಗಕ್ಕೆ ಬ್ಯಾಡಗಿಯ ಮಾರುಕಟ್ಟೆ ಬಂದು ಕೂತಿತು.

ಸಾವಂತ್ರಿಯ ಬೆರಳಿಗೆ ಸೂಜಿ ತಾಗಿತು. "ಬ್ಯಾಡ," ಎಂದಿತು ಹುಡುಗಿ. ಮೂರು ಹನಿ. ಹನ್ನೊಂದು ನಿಮಿಷ ಯಾರೂ ಸೀನಲೂ ಇಲ್ಲ ಎಂದರೆ ಸುಳ್ಳಾದೀತು, ಸೀನಿದರು, ಆದರೆ ಮಾತಾಡಲಿಲ್ಲ.

೧.೪.

ಯಮನೂರಪ್ಪನಿಗೆ ಅಂಕಿ ಓದಲು ಬರುತ್ತಿತ್ತು, ಚುಕ್ಕೆಯ ಅರ್ಥ ಗೊತ್ತಿರಲಿಲ್ಲ. "ಎಷ್ಟು, ಎಷ್ಟು?" ಎಂದು ಹೆಂಡತಿಯ ತೋಳು ಹಿಡಿದು ಕೇಳಿದ. ಫಕೀರವ್ವ ಮಗಳ ನೆತ್ತಿಗೆ ಮುಖ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟರಲ್ಲಿ ತುಲಾ ತನ್ನ ಪಾಡಿಗೆ ತಾನು ಹಾಸಿಗೆ ಕಾದಿರಿಸಿ ಮುಗಿಸಿತ್ತು: ವಾರ್ಡು ಎರಡು, ಹಾಸಿಗೆ ಏಳು. ಗಲಗಲಿಯವರು ಪರದೆಯನ್ನೇ ನೋಡುತ್ತ ನಿಂತರು. ತುಲಾ ಕೊಟ್ಟ ಸಂಖ್ಯೆಯನ್ನು ತಿದ್ದುವ ಅಧಿಕಾರ ನಿರ್ದೇಶಕರಿಗೂ ಇರಲಿಲ್ಲವಲ್ಲ.

*

ಸೋಮವಾರ ಇಂದುಮತಿಯ ಮುಂದೆ ಒಂದು ಹೇಳಿಕೆ ಬಂತು. ತಾಂತ್ರಿಕ ಪರಿಷ್ಕರಣೆಯಿಂದ ತುಲಾದ ಅಳತೆ ಉತ್ತಮಗೊಂಡಿದೆ ಎಂದಿತ್ತು. ಸಹಿ ಹಾಕಿದರೆ ನೌಕರಿ ಉಳಿಯುತ್ತದೆ. ಆಕೆ ಅದರ ಬೆನ್ನಿಗೇ ತಮ್ಮ ಕೈಬರಹದಲ್ಲಿ ಬರೆದರು: ಸ್ಟ್ಯಾಂಡರ್ಡ್ ಮೊದಲಿನಿಂದಲೂ ತಪ್ಪಿತ್ತು, ತಪ್ಪು ನನ್ನದು, ನನಗೆ ಗೊತ್ತಿದ್ದೂ ಸರಿಪಡಿಸಲಿಲ್ಲ. ಕೆಳಗೆ ಪೂರ್ತಿ ಹೆಸರು. ಆ ಸಂಜೆಗೇ ಅಮಾನತಿನ ಆದೇಶ ಕೈಗೆ ಬಂತು.

ಹತ್ತೊಂಬತ್ತು ಮಕ್ಕಳ ಹಳೆಯ ಸಂಖ್ಯೆಗಳನ್ನು ತಸ್ಲೀಮಾ ಹೊಸ ನೂರಕ್ಕೆ ಹಾಕಿ ನೋಡಿದಳು. ಹನ್ನೊಂದು ಮಕ್ಕಳು ಹೇಗೆ ಅಳೆದರೂ ಗೆರೆಯ ಕೆಳಗೇ ಇದ್ದರು. ಎಂಟು ಮಕ್ಕಳು ಮೇಲೆ. ಎಂಟರಲ್ಲಿ ಮೂರು ಇನ್ನೂ ಬದುಕಿದ್ದವು. ಆ ಮೂರು ಮನೆಗಳಿಗೆ ತಸ್ಲೀಮಾ ಯಾರ ಅಪ್ಪಣೆಯನ್ನೂ ಕೇಳದೆ ಅದೇ ಗಂಟೆಯಲ್ಲಿ ಫೋನ್ ಮಾಡಿದಳು. ಉಳಿದ ಐದು ಮನೆಗೆ ಫೋನ್ ಮಾಡಕೂಡದು, ನಾನೇ ಹೋಗುತ್ತೇನೆ ಎಂದರು ಇಂದುಮತಿ.

ಅಮಾನತಿನ ವಿಚಾರಣೆ ಮುಗಿಯುವವರೆಗೆ ಊರು ಬಿಡುವಂತಿರಲಿಲ್ಲ; ಅದು ಮುಗಿದ ಮೇಲೆ, ಹೊರಡುವ ಮುಂಚೆ ವಾರ್ಡಿಗೆ ಹೋದರು. ಸಾವಂತ್ರಿಗೆ ಸೇತುಕೋಶ ಹಾಕಿ ಮೂರು ತಿಂಗಳಾಗಿತ್ತು. ಸತ್ತ ಕೋಶಗಳು ಮರಳಿ ಬರುವುದಿಲ್ಲ, ಮೊದಲಿನ ಹಾಗೆ ಓಡಾಡುತ್ತಾಳೆ ಎಂದು ಯಾರೂ ಭಾಷೆ ಕೊಟ್ಟಿರಲಿಲ್ಲ. ಆದರೆ ಗಂಟಲು ನೀವದೆ ಗಂಜಿ ಇಳಿಯುತ್ತಿತ್ತು, ಕತ್ತು ನಿಲ್ಲುತ್ತಿತ್ತು. ಐದು ಮಾತು ಐದಾಗಿಯೇ ಉಳಿದು, ಹೋದ ವಾರ ಆರನೆಯದು ಬಂದಿತ್ತು. ಇಂದುಮತಿಯನ್ನು ನೋಡಿ ಹುಡುಗಿ ಅದನ್ನು ಆಡಿ ತೋರಿಸಿತು: "ತಗೋರ್ರೀ."

"ನಾ ಇನ್ನೂ ನಿಮ್ಮನ್ನ ಬೈದಿಲ್ಲ," ಎಂದಳು ಫಕೀರವ್ವ.

"ಬಂದ ಮ್ಯಾಲ ಬೈ. ಲಕ್ಷ್ಮೇಶ್ವರದ ಕಡೆ ಹೊಂಟೀನಿ."

ಫಕೀರವ್ವ ಆಕೆಯ ಮುಖವನ್ನೇ ನೋಡಿದಳು. "ಆಕಿ ಮನಿಗೇನ್ರಿ?"

"ಆಕಿ ಮನಿಗೆ."

"ಹೋಗ್ರಿ," ಎಂದಳು ಫಕೀರವ್ವ. "ನಿಂತs ಹೇಳ್ರಿ. ಕೂಡು ಅಂದ್ರೂ ಕೂಡಬ್ಯಾಡ್ರಿ."

ಲಕ್ಷ್ಮೇಶ್ವರದಿಂದ ಆರು ಮೈಲಿಯ ಆ ಹಳ್ಳಿಯಲ್ಲಿ ಬಸ್ಸಿಳಿದಾಗ ಹನ್ನೊಂದು ಗಂಟೆ, ನೆತ್ತಿ ಸುಡುವ ಬಿಸಿಲು. ಮನೆ ತೋರಿಸಿದ ಮುದುಕ "ಆ ಖಾಲಿ ರಕ್ತದಾಕಿ ಮನಿಯೇನ್ರಿ?" ಎಂದೇ ಕೇಳಿದ. ಅಂಗಳದಲ್ಲಿ ಮೂವತ್ತು ದಾಟದ ಹೆಂಗಸೊಬ್ಬಳು ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಹೆಸರು ನಿಂಗವ್ವ ಎಂದು ಪಟ್ಟಿಯಲ್ಲಿತ್ತು. ಅವಳ ಮಗ ಸಂಗಪ್ಪ, ಆಗ ಐದು ವರ್ಷ, ಹಳೆಯ ಸಂಖ್ಯೆ ೦.೬. ತೀರಿಕೊಂಡು ಆರು ವರ್ಷ. ಪಡಸಾಲೆಯ ಗೋಡೆಗೂಡಿನಲ್ಲಿ ಸಣ್ಣ ಎರಡು ಚಪ್ಪಲಿ ಇನ್ನೂ ಇದ್ದವು.

ನಿಂಗವ್ವ ಗುರುತು ಹಿಡಿದಳು. ಕಡಲೆಯ ಮೊರ ಕೆಳಗಿಟ್ಟು ಎದ್ದು ನಿಂತಳು. "ಕೂಡ್ರಿ," ಎಂದಳು.

ಇಂದುಮತಿ ಕೂಡಲಿಲ್ಲ. ಎಂದೂ ಇಲ್ಲದ ಸಣ್ಣ ದನಿಯಲ್ಲಿ ಹೇಳಿದರು. "ನಿನ್ನ ಮಗನ ರಕ್ತ ಖಾಲಿ ಇರಲಿಲ್ಲವಾ. ಒಂದು ದಶಾಂಶ ಎರಡಿತ್ತು. ಚಿಕಿತ್ಸಾ ಕೊಡಬಹುದಿತ್ತು. ಅಳತಿ ತಪ್ಪಿತ್ತು. ಆ ಅಳತಿ ಇಟ್ಟಾಕಿ ನಾನು."

ನಿಂಗವ್ವ ಅಳಲಿಲ್ಲ, ಬೈಯಲೂ ಇಲ್ಲ. ಒಳಗಿನಿಂದ ಮುದುಕಿಯೊಬ್ಬಳ ದನಿ, ಯಾರವ್ವಾ ಬಂದಾರ ಎಂದು ಕೇಳಿತು. ಎದುರು ಕಟ್ಟೆಯ ಮೇಲೆ ಎಲೆ ಹಾಕುತ್ತ ಕೂತಿದ್ದ ನಾಲ್ಕೈದು ಜನ ಇತ್ತ ತಿರುಗಿದ್ದರು.

"ನಿಮ್ಮನ್ನ ಏನ್ ಮಾಡಬೇಕು ಅಂತ ನಾ ಆಮ್ಯಾಲ ನೋಡ್ತೀನಿ," ಎಂದಳು ನಿಂಗವ್ವ. "ಮೊದಲ, ಈಗ ಹೇಳಿದ್ರಲ್ಲ, ಅದನ್ನ ಇನ್ನೊಮ್ಮೆ ಹೇಳ್ರಿ. ಹಿಂಗ ಪಿಸಿಪಿಸಿ ಅಂದ್ರ ನಡಿಯಂಗಿಲ್ಲ. ಒಳಗ ನಮ್ಮತ್ತಿ ಅದಾಳ. ಅಲ್ಲಿ ಓಣಿ ಮಂದಿ ಅದಾರ. ಎಲ್ಲಾರಿಗೂ ಕೇಳಬೇಕು."

ಇಂದುಮತಿ ಅಂಗಳದ ನಡುವೆ ಬಂದು ನಿಂತರು. ಎದೆ ತುಂಬ ಉಸಿರು ತೆಗೆದುಕೊಂಡು, ಓಣಿಯ ಆ ತುದಿಗೂ ಕೇಳುವಂತೆ ಮೊದಲಿನಿಂದ ಹೇಳತೊಡಗಿದರು.